ರಕೂನ್ ಬರುವ ಮುಂಚೆ: ಸರ್ವರ್ ಪ್ರಶ್ನೋತ್ತರ

ಲಿನಕ್ಸ್ ಆಧಾರಿತ ಓಎಸ್ ಆದ ಉಬುಂಟು ಸರ್ವರ್‌ನ ಮುಂದಿನ ದೀರ್ಘಾವಧಿ ಬೆಂಬಲದ (ಎಲ್‌ಟಿಎಸ್) ಆವೃತ್ತಿ 26.04, 2026ರ ಏಪ್ರಿಲ್ 23ಕ್ಕೆ ನಿಗದಿಯಾಗಿದೆ. ಅಡ್ಡಹೆಸರು ‘ರೆಸಲ್ಯೂಟ್ ರಕೂನ್’. ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತಿವೆ. ಕೆಲವರಿಗೆ ಯಾವಾಗ ಬರುತ್ತದೋ ಎಂಬ ಆತುರ, ಇನ್ನು ಕೆಲವರಿಗೆ ಯಾಕಾದರೂ ಬರುತ್ತದೋ ಎಂಬ ಬೇಸರ. ಕಮಾಂಡ್‌ಗಳನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ನಮ್ಮ ಸಹಕಾರ ಸಂಘಕ್ಕೆ ಹೊಸ ಸರ್ವರ್ ಬಂದು ಮೂರು ವಾರವಾಯಿತು. ಹೇಗೂ 26.04 ಬರುತ್ತದಲ್ಲ ಎಂದು ಡಬ್ಬಿ ಒಡೆಯದೆ ಇಟ್ಟಿದ್ದೇವೆ. ಅಧ್ಯಕ್ಷರು ದಿನಾ ಕೇಳುತ್ತಿದ್ದಾರೆ. 24.04 ಹಾಕಿಬಿಡಲೇ, ಕಾಯಲೇ?
— ಓದುಗರು, ತೀರ್ಥಹಳ್ಳಿ

ಕಾಯುವುದಾದರೂ ಡಬ್ಬಿಯಲ್ಲಿಟ್ಟು ಕಾಯಬೇಡಿ. ಯಂತ್ರ ಕೂತಿದ್ದರೂ ವಾರಂಟಿ ಕೂರುವುದಿಲ್ಲ. ರ್‍ಯಾಮ್, ಡಿಸ್ಕ್‌ಗಳ ಹುಟ್ಟುದೋಷ ಹೊರಬೀಳುವುದು ಮೊದಲ ಕೆಲವು ವಾರಗಳ ಓಟದಲ್ಲಿ. ಇವತ್ತೇ ಹೊರತೆಗೆದು ಒಂದಿಡೀ ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ಮರುದಿನ ಪ್ರತಿ ಡಿಸ್ಕ್‌ಗೂ ಸ್ಮಾರ್ಟ್‌ಸಿಟಿಎಲ್‌ನ ಉದ್ದದ ಪರೀಕ್ಷೆ ಮಾಡಿಸಿ.

ಯಾವುದನ್ನು ಹಾಕಬೇಕು ಎನ್ನುವುದು ಕೆಲಸ ಶುರುವಾಗುವ ದಿನದ ಮೇಲೆ ನಿಂತಿದೆ. ಮೇ ಮುಗಿಯುವುದರೊಳಗೆ ಸದಸ್ಯರ ಲೆಕ್ಕ ಇದರ ಮೇಲೆ ಓಡಲೇಬೇಕು ಎಂದಾದರೆ 24.04 ಹಾಕಿ ಮರೆತುಬಿಡಿ. ಅದಕ್ಕೆ 2029ರವರೆಗೆ ಉಚಿತ ಭದ್ರತಾ ಅಪ್‌ಡೇಟ್ ಇದೆ. ಜುಲೈ ಆದರೂ ನಡೆಯುತ್ತದೆ ಎಂದಾದರೆ 26.04 ಬಂದ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹೊಸ ಇನ್‌ಸ್ಟಾಲ್‌ಗೆ 26.04.1 ಬರುವವರೆಗೆ ಕಾಯುವ ಅಗತ್ಯವಿಲ್ಲ. ಆ ಕಾಯುವಿಕೆ ಹಳೆಯದರಿಂದ ಏರುವವರ ಪಾಡು. ಇದಕ್ಕೂ ಮೊದಲು ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರನ್ನು ‘26.04ರ ಮೇಲೆ ಓಡಿಸಿ ನೋಡಿದ್ದೀರಾ’ ಎಂದು ಬರವಣಿಗೆಯಲ್ಲಿ ಕೇಳಿ. ಮೂಲ ವ್ಯವಸ್ಥೆ ಸಿದ್ಧವಾಗಿದ್ದರೂ ಅದಕ್ಕೆ ಜೋತುಬಿದ್ದಿರುವ ಬ್ಯಾಕಪ್ ಏಜೆಂಟ್, ರೇಡ್ ಕಾರ್ಡಿನ ಉಪಕರಣ, ಆಂಟಿವೈರಸ್‌ನ ಕರ್ನಲ್ (ಓಎಸ್‌ನ ತಿರುಳು) ಮಾಡ್ಯೂಲ್ ತಿಂಗಳುಗಟ್ಟಲೆ ಹಿಂದೆ ಬೀಳುವುದುಂಟು.

ಇನ್‌ಸ್ಟಾಲ್ ಮಾಡುವಾಗ ಒಂದು ಕಡೆ ಎಚ್ಚರ. ಎಲ್‌ವಿಎಂ (ಡಿಸ್ಕ್ ಜಾಗವನ್ನು ಆಮೇಲೂ ಹಿಗ್ಗಿಸಬಹುದಾದಂತೆ ಹಂಚುವ ವ್ಯವಸ್ಥೆ) ಆಯ್ಕೆ ಹಾಗೇ ಬಿಟ್ಟರೆ 200 ಜಿಬಿಗಿಂತ ದೊಡ್ಡ ಡಿಸ್ಕ್‌ನಲ್ಲಿ ರೂಟ್‌ಗೆ (ಓಎಸ್ ಕೂರುವ ಮುಖ್ಯ ವಿಭಾಗಕ್ಕೆ) 100 ಜಿಬಿ ಮಾತ್ರ ಸಿಗುತ್ತದೆ, ಮಿಕ್ಕಿದ್ದು ಯಾರಿಗೂ ಹಂಚದೆ ಹಾಗೇ ಉಳಿಯುತ್ತದೆ. ‘1 ಟಿಬಿ ಡಿಸ್ಕ್‌ಗೆ ದುಡ್ಡು ಕೊಟ್ಟೆ, 100 ಜಿಬಿ ತೋರಿಸುತ್ತಿದೆ, ಅಂಗಡಿಯವನು ಮೋಸ ಮಾಡಿದ’ ಎಂಬ ಜಗಳದ ಮೂಲ ಇದೇ. ಎಲ್‌ವಿ-ಎಕ್ಸ್‌ಟೆಂಡ್ ಕಮಾಂಡ್‌ಗೆ ಮೈನಸ್ ಆರ್ ಸೇರಿಸಿ ಕೊಟ್ಟರೆ ಯಂತ್ರ ಓಡುತ್ತಿರುವಾಗಲೇ ಜಾಗ ಹಿಗ್ಗುತ್ತದೆ. ಪೂರ್ತಿ ಹಿಗ್ಗಿಸಬೇಡಿ, 20–30 ಜಿಬಿ ಖಾಲಿ ಬಿಡಿ. ಯಾಕೆಂಬುದು ಮುಂದಿನ ಉತ್ತರದಲ್ಲಿದೆ.

ಹಿಂದಿನ ಸಲ 24.04 ಬಿಡುಗಡೆಯಾದ ರಾತ್ರಿ ನಿದ್ದೆಗೆಟ್ಟು ಕೂತು ಅಪ್‌ಗ್ರೇಡ್ ಕಮಾಂಡ್ ಕೊಟ್ಟರೆ ‘ಹೊಸ ಆವೃತ್ತಿ ಇಲ್ಲ’ ಅಂತ ಬಂತು. ತಿಂಗಳು ಕಳೆದರೂ ಅದೇ ಉತ್ತರ. ಈ ಸಲವೂ ಇದೇ ಹಾಡೇನ್ರೀ? ಸರ್ವರ್ ಇರೋದು ಬೇರೆ ಊರಾಗ.
— ಓದುಗರು, ಹುಬ್ಬಳ್ಳಿ

ಈ ಸಲವೂ ಇದೇ ಹಾಡು. ಅದು ದೋಷವಲ್ಲ, ಬೇಕೆಂದೇ ಹಾಕಿದ ತಡೆ. ಒಂದು ದೀರ್ಘಾವಧಿ ಆವೃತ್ತಿಯಿಂದ ಇನ್ನೊಂದಕ್ಕೆ ಏರುವ ದಾರಿಯನ್ನು ಮೊದಲ ತಿದ್ದುಪಡಿ, ಅಂದರೆ .1 ಬಂದ ಮೇಲೆಯೇ ತೆರೆಯುತ್ತಾರೆ. 26.04.1 ಬರುವುದು ಆಗಸ್ಟ್‌ನಲ್ಲಿ. ಹಿಂದಿನ ಎರಡು ಸಲವೂ ಆ ಆಗಸ್ಟ್ ದಿನಾಂಕವೇ ಜಾರಿತ್ತು: 22.04.1 ಒಂದು ವಾರ ತಡವಾಗಿ 2022ರ ಆಗಸ್ಟ್ 11ಕ್ಕೆ ಬಂತು, 24.04.1 ಎರಡು ವಾರ ತಡವಾಗಿ 2024ರ ಆಗಸ್ಟ್ 29ಕ್ಕೆ. ಬಂದ ಮೇಲೂ ಅಪ್‌ಗ್ರೇಡ್ ಉಪಕರಣದಲ್ಲಿ ಗಂಭೀರ ದೋಷ ಕಂಡು, ಸೆಪ್ಟೆಂಬರ್‌ನಲ್ಲಿ 22.04ರಿಂದ ಏರುವ ದಾರಿಯನ್ನು ಕೆಲವು ದಿನ ಮತ್ತೆ ಮುಚ್ಚಿದ್ದರು. ನಿಮ್ಮ ಕ್ಯಾಲೆಂಡರಿನಲ್ಲಿ ಏಪ್ರಿಲ್ 23ಕ್ಕೆ ಹಾಕಿದ ಗುರುತು ಅಳಿಸಿ, ದಸರೆ ಕಳೆದ ಮೇಲಿನ ಒಂದು ಶನಿವಾರಕ್ಕೆ ಹಾಕಿ.

ಡು-ರಿಲೀಸ್-ಅಪ್‌ಗ್ರೇಡ್‌ಗೆ ಮೈನಸ್ ಡಿ ಸೇರಿಸಿದರೆ ಈ ತಡೆ ದಾಟುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, ದಾಟುತ್ತದೆ. ಪ್ರಯೋಗದ ಯಂತ್ರದಲ್ಲಿ ದಾಟಿಸಿ, ಬೇರೆ ಊರಿನ ಯಂತ್ರದಲ್ಲಿ ಬೇಡ.

ದೂರದಿಂದ ಮಾಡುವವರು ಮೊದಲು ನೋಡಬೇಕಾದ್ದು ಫೈರ್‌ವಾಲ್. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಅಪ್‌ಗ್ರೇಡ್ ಶುರುಮಾಡಿದರೆ ಉಪಕರಣ 1022ನೇ ಪೋರ್ಟ್‌ನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಬಾಗಿಲು ತೆರೆದಿಡುತ್ತದೆ. ನಡುವೆ ಮೊದಲನೆಯದು ಕೈಕೊಟ್ಟರೆ ಅಲ್ಲಿಂದ ಒಳಗೆ ಬರಬಹುದು. ಆದರೆ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಅದಾಗಿಯೇ ತೆರೆಯುವುದಿಲ್ಲ, ನೀವೇ ತೆರೆದು ಕೆಲಸ ಮುಗಿದ ಮೇಲೆ ಮುಚ್ಚಬೇಕು. ಅಪ್‌ಗ್ರೇಡ್ ನಡೆಯುವುದು ಸ್ಕ್ರೀನ್ ಎಂಬ ತಂತ್ರಾಂಶದ ಒಳಗೆ. ನೆಟ್ ಕಡಿದುಹೋದರೂ ಅದು ನಿಂತಿರುವುದಿಲ್ಲ, ಗಾಬರಿಯಾಗಿ ರೀಸ್ಟಾರ್ಟ್ ಮಾಡಿಸಬೇಡಿ.

ಇನ್ನೊಂದು, ನೆಟ್‌ವರ್ಕ್ ಕಾರ್ಡಿನ ಹೆಸರು. ಹೊಸ ಕರ್ನಲ್, ಹೊಸ ಸಿಸ್ಟಂಡಿ (ಸೇವೆಗಳನ್ನು ಶುರುಮಾಡುವ ಭಾಗ) ಬಂದಾಗ ಕಾರ್ಡ್ ಹೊಸ ಹೆಸರು ಹೊತ್ತು ಏಳುವುದುಂಟು. ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಕಡತದಲ್ಲಿ ಹಳೆಯ ಹೆಸರೇ ಇದ್ದರೆ ಯಂತ್ರ ಎದ್ದಿರುತ್ತದೆ, ಐಪಿ ಇರುವುದಿಲ್ಲ, ನೀವು ಬಸ್ ಹಿಡಿಯಬೇಕಾಗುತ್ತದೆ. ಈಗಲೇ ಆ ಕಡತದಲ್ಲಿ ಮ್ಯಾಚ್ ಅಡಿಯಲ್ಲಿ ಕಾರ್ಡಿನ ಮ್ಯಾಕ್ ವಿಳಾಸ, ಸೆಟ್-ನೇಮ್ ಅಡಿಯಲ್ಲಿ ಈಗಿನ ಹೆಸರು ಬರೆದು, ನೆಟ್‌ಪ್ಲಾನ್ ಟ್ರೈ ಕೊಟ್ಟು ನೋಡಿ. ತಪ್ಪಾಗಿದ್ದರೆ 120 ಸೆಕೆಂಡ್‌ನಲ್ಲಿ ಅದೇ ಹಿಂದಕ್ಕೆ ಹೋಗುತ್ತದೆ. ಸರ್ವರ್‌ಗೆ ದೂರನಿಯಂತ್ರಣದ ಪೋರ್ಟ್ ಇದ್ದರೆ ಅದರ ಪಾಸ್‌ವರ್ಡ್ ಹಿಂದಿನ ದಿನವೇ ಹಾಕಿ ಪರೀಕ್ಷಿಸಿ. ನೆನಪಿದೆ ಅಂದುಕೊಂಡ ಪಾಸ್‌ವರ್ಡ್ ಬೇಕಾದ ಹೊತ್ತಿಗೆ ನೆನಪಿರುವುದಿಲ್ಲ.

ಈಗ ಆ ಖಾಲಿ ಬಿಟ್ಟ ಜಾಗಕ್ಕೆ ಬರೋಣ. ಅಪ್‌ಗ್ರೇಡ್‌ಗೆ ಮುಂಚೆ ರೂಟ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಟ್ಟರೆ, ಕೆಟ್ಟರೆ ಎಲ್‌ವಿ-ಕನ್ವರ್ಟ್‌ನ ಮರ್ಜ್ ಕೊಟ್ಟು ರೀಸ್ಟಾರ್ಟ್ ಮಾಡಿ ಹಳೆಯ ಸ್ಥಿತಿಗೆ ಮರಳಬಹುದು. 100 ಜಿಬಿ ರೂಟ್‌ಗೆ 20 ಜಿಬಿ ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಸಾಕು. ಅದು ತುಂಬಿದರೆ ಕೆಲಸಕ್ಕೆ ಬಾರದು, ಹಾಗಾಗಿ ಎಲ್‌ವಿಎಸ್ ಕೊಟ್ಟು ಶೇಕಡಾವಾರು ಎಷ್ಟಾಯಿತೆಂದು ನೋಡುತ್ತಿರಿ. ಬಹಳ ಜನ ಎಡವುವುದು ಕರ್ನಲ್ ಕೂರುವ ಬೂಟ್ ವಿಭಾಗದಲ್ಲಿ. ಇನ್‌ಸ್ಟಾಲರ್ ಬೂಟ್ ಅನ್ನು ಎಲ್‌ವಿಎಂ ಹೊರಗೆ ಇಡುತ್ತದೆ, ಸ್ನ್ಯಾಪ್‌ಶಾಟ್‌ನಲ್ಲಿ ಅದು ಸೇರುವುದೇ ಇಲ್ಲ. ಹಿಂದಕ್ಕೆ ಬಂದಾಗ ರೂಟ್ ಹಳೆಯದು, ಬೂಟ್‌ನಲ್ಲಿ ಕರ್ನಲ್ ಹೊಸದು, ಹೊಸ ಕರ್ನಲ್ ಕೇಳುವ ಮಾಡ್ಯೂಲ್‌ಗಳು ಹಳೆಯ ರೂಟ್‌ನಲ್ಲಿಲ್ಲ. ಆದ್ದರಿಂದ ಸ್ನ್ಯಾಪ್‌ಶಾಟ್ ಜೊತೆಗೆ ಬೂಟ್ ಡೈರೆಕ್ಟರಿಯನ್ನು ಟಾರ್ ಮಾಡಿ ಬೇರೆ ಯಂತ್ರಕ್ಕೆ ಕಳಿಸಿಡಿ. ಅಂದಹಾಗೆ ಆ ಬೂಟ್‌ನಲ್ಲಿ ಹಳೆಯ ಕರ್ನಲ್‌ಗಳು ತುಂಬಿಕೊಂಡಿದ್ದರೆ ಅಪ್‌ಗ್ರೇಡ್ ಜಾಗ ಸಾಲದೆಂದು ಮೊದಲಲ್ಲೇ ನಿಲ್ಲುತ್ತದೆ. ಆಪ್ಟ್ ಆಟೋರಿಮೂವ್ ಕೊಟ್ಟು ಮೊದಲೇ ಸ್ವಚ್ಛ ಮಾಡಿಕೊಳ್ಳಿ.

ಇಷ್ಟು ದೊಡ್ಡ ಸಂಸ್ಥೆಗಳಿಗೆ ಹೇಳಿದ ದಿನಕ್ಕೆ ಬಿಡುಗಡೆ ಮಾಡಲು ಏನು ಕಷ್ಟ? ದಿನಾಂಕ ಜಾರಿದರೆ ನಾವು ಸೇವೆ ಕೊಡುವ ಗ್ರಾಹಕರಿಗೆ ಏನು ಹೇಳೋಣ?
— ಓದುಗರು, ಬೆಂಗಳೂರು

ಉಬುಂಟುವಿನ ಮಟ್ಟಿಗೆ ನಿಮ್ಮ ದೂರು ಸ್ವಲ್ಪ ಅನ್ಯಾಯ. ಅದರ ದೀರ್ಘಾವಧಿ ಆವೃತ್ತಿಯ ಮುಖ್ಯ ಬಿಡುಗಡೆ ತಿಂಗಳು ದಾಟಿ ಜಾರಿದ್ದು 2006ರಲ್ಲಿ: ಏಪ್ರಿಲ್‌ಗೆ ಬರಬೇಕಿದ್ದದ್ದು ಜೂನ್‌ಗೆ ಬಂದು, 6.04 ಆಗಬೇಕಿದ್ದ ಹೆಸರು 6.06 ಆಯಿತು. 2024ರದ್ದು ಇನ್ನೂ ಸ್ವಾರಸ್ಯ. ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಇಟ್ಟಿರುವುದು ಹೊರಬಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದರ ಬೆನ್ನುಹತ್ತಿ ಅದನ್ನು ಹಿಡಿದಿದ್ದರು. ಕೆಟ್ಟ ಪ್ಯಾಕೇಜ್ 24.04ರ ತಯಾರಿ ಕೋಣೆಯವರೆಗೆ ಬಂದಿತ್ತು. ಹಾಗಾಗಿ ಅದು ಒಳಬಂದ ಮೇಲೆ ಕಟ್ಟಿದ ಪ್ಯಾಕೇಜ್‌ಗಳನ್ನೆಲ್ಲ ಹೊಸದಾಗಿ ಕಟ್ಟಿದರು. ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರತಿ) ಏಪ್ರಿಲ್ 4ರಿಂದ 11ಕ್ಕೆ ಹೋಯಿತು, ಮುಖ್ಯ ಬಿಡುಗಡೆ ಮಾತ್ರ 25ಕ್ಕೇ ಆಯಿತು. ಅಂಥ ಒಂದು ವಾರ ತಡವಾದರೆ ಗ್ರಾಹಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಮುಚ್ಚಿಡುವಂಥದ್ದೇನಿಲ್ಲ.

ತಡವೆಂದರೆ ನಿಜವಾಗಿ ಏನೆಂದು ತಿಳಿಯಬೇಕಾದರೆ 2011ರ ಸೆಂಟ್‌ಓಎಸ್ ನೋಡಬೇಕು. ರೆಡ್ ಹ್ಯಾಟ್ ಕಂಪನಿಯ ಎಂಟರ್‌ಪ್ರೈಸ್ ಲಿನಕ್ಸ್ 6 ಬಂದದ್ದು 2010ರ ನವೆಂಬರ್ 10ಕ್ಕೆ, ಅದರ ಉಚಿತ ಪ್ರತಿರೂಪ ಸೆಂಟ್‌ಓಎಸ್ 6 ಬಂದದ್ದು 2011ರ ಜುಲೈ 10ಕ್ಕೆ. ಲೆಕ್ಕ ಹಾಕಿದರೆ 242 ದಿನ. ಅದೇ ಮೂಲದಿಂದ ಕಟ್ಟಿದ ಸೈಂಟಿಫಿಕ್ ಲಿನಕ್ಸ್ 6 ಮಾರ್ಚ್‌ನಲ್ಲೇ ಬಂದಿದ್ದರಿಂದ ಸಿಟ್ಟು ಇನ್ನೂ ಏರಿತ್ತು. ಆದರೆ ಅದಕ್ಕಿಂತ ಅಪಾಯಕಾರಿ ತಡ ಯಾರ ಬಾಯಲ್ಲೂ ಅಷ್ಟಾಗಿ ಇರಲಿಲ್ಲ. ಆ ವರ್ಷ ಜನವರಿಯಲ್ಲಿ ರೆಡ್ ಹ್ಯಾಟ್ 5.6 ಬಂದರೆ ಸೆಂಟ್‌ಓಎಸ್ 5.6 ಬಂದದ್ದು ಏಪ್ರಿಲ್‌ನಲ್ಲಿ. ಆ ನಡುವೆ ಬಂದ ಭದ್ರತಾ ತಿದ್ದುಪಡಿಗಳು 5.6ರ ಮೇಲೆ ಕಟ್ಟಿದವು, ಹಾಗಾಗಿ 5.5ರಲ್ಲಿ ಕೂತಿದ್ದವರಿಗೆ ಅವು ತಲುಪಲಿಲ್ಲ. ಹೊಸ ಆವೃತ್ತಿ ಎಂಟು ತಿಂಗಳು ತಡವಾದರೆ ಹೋಗುವುದು ತಾಳ್ಮೆ. ಓಡುತ್ತಿರುವ ಆವೃತ್ತಿಯ ತಿದ್ದುಪಡಿ ಮೂರು ತಿಂಗಳು ನಿಂತರೆ ಹೋಗುವುದು ಸರ್ವರ್. ಗ್ರಾಹಕರ ಕರಾರಿನಲ್ಲಿ ‘ಹೊಸ ಆವೃತ್ತಿ ಬಂದ ಇಷ್ಟು ದಿನದಲ್ಲಿ ಹಾಕಿಕೊಡುತ್ತೇವೆ’ ಎಂಬ ಸಾಲು ಬರೆಯಲೇಬೇಡಿ. ‘ಈಗಿನ ಆವೃತ್ತಿಯ ಬೆಂಬಲ ಮುಗಿಯುವ ಆರು ತಿಂಗಳ ಮುಂಚೆ ಬದಲಿಸುತ್ತೇವೆ’ ಎಂದು ಬರೆಯಿರಿ.

ಗ್ರಂಥಾಲಯದ ಪುಸ್ತಕಪಟ್ಟಿ ಪೋಸ್ಟ್‌ಗ್ರೆಸ್‌ನಲ್ಲಿದೆ, ಹೆಸರುಗಳೆಲ್ಲ ಕನ್ನಡದಲ್ಲಿ. ಓಎಸ್ ಬದಲಿಸಿದರೆ ಇಂಡೆಕ್ಸ್ ಹಾಳಾಗುತ್ತದೆ ಎಂದು ಕೇಳಿದೆ. ಡೇಟಾಬೇಸ್‌ಗೂ ಓಎಸ್‌ಗೂ ಏನು ಸಂಬಂಧ?
— ಓದುಗರು, ಮೈಸೂರು

ಸಂಬಂಧ ಇರುವುದು ಅಕ್ಷರಗಳ ಸಾಲಿನಲ್ಲಿ. ‘ಕಳಸ’ ಮುಂದೋ ‘ಕವನ’ ಮುಂದೋ ಎಂಬುದನ್ನು ಪೋಸ್ಟ್‌ಗ್ರೆಸ್ ತಾನೇ ನಿರ್ಧರಿಸುವುದಿಲ್ಲ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ಓಎಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕಟ್ಟಕಡೆಗೆ, ಹ ಆದಮೇಲೆ. ಯುನಿಕೋಡ್ ಕೋಷ್ಟಕದಲ್ಲಿ ಅದು ಲ ಮತ್ತು ವ ನಡುವೆ. ಕೋಷ್ಟಕದ ಕ್ರಮ ಹಿಡಿದರೆ ಕಳಸ ಮೊದಲು, ನಿಘಂಟಿನ ಕ್ರಮ ಹಿಡಿದರೆ ಕವನ ಮೊದಲು. ಇಂಡೆಕ್ಸ್ ಎನ್ನುವುದು ಒಂದು ಕ್ರಮದಲ್ಲಿ ಜೋಡಿಸಿಟ್ಟ ಕಪಾಟು. ಓಎಸ್ ಜೊತೆ ಜಿಲಿಬ್‌ಸಿ ಬದಲಾಗಿ ಕ್ರಮದ ನಿಯಮ ಒಂದಿಷ್ಟು ಬದಲಾದರೂ ಸಾಕು, ಕಪಾಟು ಹಳೆಯ ಜೋಡಣೆಯಲ್ಲಿ, ಹುಡುಕುವವನ ಕೈಯಲ್ಲಿ ಹೊಸ ನಕ್ಷೆ. ಆಗ ಪುಸ್ತಕ ಇದ್ದರೂ ‘ಇಲ್ಲ’ ಎನ್ನುತ್ತದೆ. ಇನ್ನೂ ಕೆಟ್ಟದ್ದು, ಒಂದೇ ನೋಂದಣಿ ಸಂಖ್ಯೆಯ ಎರಡನೆಯ ನಮೂದನ್ನು ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ. ಎರರ್ ಬರುವುದಿಲ್ಲ, ತಿಂಗಳಾದ ಮೇಲೆ ಓದುಗರು ಬಂದು ಹೇಳುತ್ತಾರೆ.

ಮೊದಲು ಪರೀಕ್ಷೆ. ಕಮಲ, ಕಲಶ, ಕಳಸ, ಕವನ, ಕಾವೇರಿ, ಕೃಷ್ಣ, ಕ್ಷಮೆ, ಅಂಗಡಿ, ಅಕ್ಕ, ಅರ್ಕಾವತಿ, ಇಂಥ ಹತ್ತಿಪ್ಪತ್ತು ಪದಗಳ ಕೋಷ್ಟಕ ಮಾಡಿ. ಈಗಿನ ಯಂತ್ರದಲ್ಲಿ ಆರ್ಡರ್ ಬೈ ಕೊಟ್ಟು ಬಂದದ್ದನ್ನು ಕಡತದಲ್ಲಿಡಿ. 26.04ರ ಬೀಟಾ ಹಾಕಿದ ವರ್ಚುವಲ್ ಮೆಷಿನ್‌ನಲ್ಲಿ, ಅದೇ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಇಟ್ಟು, ಅದನ್ನೇ ಮಾಡಿ. ಎರಡು ಕಡತಕ್ಕೂ ಡಿಫ್ ಕೊಡಿ. ಈ ಪರೀಕ್ಷೆಗೆ 2 ಸಿಪಿಯು, 4 ಜಿಬಿ ರ್‍ಯಾಮ್, 40 ಜಿಬಿ ಡಿಸ್ಕ್ ಕೊಟ್ಟರೆ ಸಾಕು.

ವ್ಯತ್ಯಾಸ ಕಾಣಲಿ, ಕಾಣದಿರಲಿ, ನಿಮ್ಮ ಪಟ್ಟಿಗೆ ಸುರಕ್ಷಿತ ದಾರಿ ಹೊಸ ಯಂತ್ರದಲ್ಲಿ ಹೊಸ ಪೋಸ್ಟ್‌ಗ್ರೆಸ್ ಹಾಕಿ, ಹಳೆಯದರಿಂದ ಪಿಜಿ-ಡಂಪ್ ತೆಗೆದು ತುಂಬುವುದು. ತುಂಬುವಾಗ ಇಂಡೆಕ್ಸ್‌ಗಳೆಲ್ಲ ಹೊಸ ಲೈಬ್ರರಿಯ ಕ್ರಮದಲ್ಲೇ ಹುಟ್ಟುತ್ತವೆ, ರೋಗಕ್ಕೆ ಜಾಗವೇ ಇರುವುದಿಲ್ಲ. ಇದ್ದ ಯಂತ್ರವನ್ನೇ ಏರಿಸುವುದಾದರೆ, ರೀಸ್ಟಾರ್ಟ್ ಆದ ಮೇಲೆ ಗ್ರಂಥಾಲಯದ ತಂತ್ರಾಂಶ ಶುರುವಾಗಲು ಬಿಡದೆ ಮೊದಲು ರೀಇಂಡೆಕ್ಸ್ ಡೇಟಾಬೇಸ್ ಕೊಡಿ. ಅದು ಮುಗಿದ ಮೇಲೆ ಆಲ್ಟರ್ ಡೇಟಾಬೇಸ್‌ನ ರಿಫ್ರೆಶ್ ಕೊಲೇಶನ್ ವರ್ಶನ್. ಈ ಎರಡನ್ನು ಅದಲುಬದಲು ಮಾಡಬೇಡಿ. ಎರಡನೆಯದು ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ ಅಷ್ಟೇ, ಇಂಡೆಕ್ಸ್ ಸರಿಮಾಡುವುದಿಲ್ಲ.

ಇನ್ನೊಂದು ಗುಂಡಿ ಅಪ್‌ಗ್ರೇಡ್‌ನ ಕೊನೆಯಲ್ಲಿದೆ. ‘ಬಳಕೆ ತಪ್ಪಿದ ಪ್ಯಾಕೇಜ್‌ಗಳನ್ನು ತೆಗೆಯಲೇ’ ಎಂದು ಅದು ಕೇಳುತ್ತದೆ. ಆ ಪಟ್ಟಿಯಲ್ಲಿ 24.04ರ ಜೊತೆ ಬಂದಿದ್ದ ಹಳೆಯ ಪೋಸ್ಟ್‌ಗ್ರೆಸ್ 16 ಇರುತ್ತದೆ, ನಿಮ್ಮ ಪುಸ್ತಕಗಳೆಲ್ಲ ಇನ್ನೂ ಅದರ ಕೈಯಲ್ಲೇ ಇರುತ್ತವೆ. ಬೇಡ ಎನ್ನಿ. ಹೊಸ ಆವೃತ್ತಿ ಪಕ್ಕದಲ್ಲಿ ಒಂದು ಖಾಲಿ ಕ್ಲಸ್ಟರ್ (ಡೇಟಾಬೇಸ್‌ಗಳ ಗುಂಪು) ಹುಟ್ಟಿಸಿ 5433ನೇ ಪೋರ್ಟ್‌ನಲ್ಲಿ ಕೂತಿರುತ್ತದೆ. ಆ ಖಾಲಿಯದನ್ನು ಪಿಜಿ-ಡ್ರಾಪ್‌ಕ್ಲಸ್ಟರ್‌ನಿಂದ ತೆಗೆದು, ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್‌ಗೆ ಡಂಪ್ ವಿಧಾನ ಹೇಳಿ ಹಳೆಯದನ್ನು ಏರಿಸಿ. ತೆಗೆಯುವ ಮುಂಚೆ ಪಿಜಿ-ಎಲ್‌ಎಸ್‌ಕ್ಲಸ್ಟರ್ಸ್ ಕೊಟ್ಟು ಯಾವುದು ಯಾವುದೆಂದು ಎರಡು ಸಲ ಓದಿಕೊಳ್ಳಿ. ಡಿಸ್ಕ್‌ನಲ್ಲಿ ಡೇಟಾಬೇಸ್‌ನ ಎರಡರಷ್ಟಾದರೂ ಜಾಗ ಖಾಲಿ ಇರಲಿ.

ರಸ್ಟ್ ಭಾಷೆಯಲ್ಲಿ ಬರೆದ ಹೊಸ ಸೂಡೊ (ಆಡಳಿತಗಾರರ ಅಧಿಕಾರ ಕೊಡುವ ಕಮಾಂಡ್), ಹೊಸ ಮೂಲ ಕಮಾಂಡ್‌ಗಳು ಬರುತ್ತವಂತೆ. ನಮ್ಮ ಹಳೆಯ ಸ್ಕ್ರಿಪ್ಟ್‌ಗಳು ನಿಲ್ಲುತ್ತವೆಯೇ?
— ಓದುಗರು, ಮಂಗಳೂರು

ಬಹುಪಾಲು ಓಡುತ್ತವೆ, ಆದರೆ ಭಯಕ್ಕೆ ಕಾರಣವಿದೆ. 2025ರ ಅಕ್ಟೋಬರ್‌ನಲ್ಲಿ ಬಂದ 25.10ರಲ್ಲೇ ಇವೆರಡನ್ನೂ ಹಾಕಿ ನೋಡಿದರು. ಅದೇ ತಿಂಗಳು ಒಂದು ದೋಷ ಸಿಕ್ಕಿತು. ಡೇಟ್ ಕಮಾಂಡ್‌ಗೆ ಮೈನಸ್ ಆರ್ ಕೊಟ್ಟು ಕಡತದ ಹೆಸರು ಹೇಳಿದರೆ ಆ ಕಡತ ಕೊನೆಗೆ ಬದಲಾದ ಸಮಯ ಬರಬೇಕು. ಹೊಸದು ಈಗಿನ ಸಮಯ ಕೊಡುತ್ತಿತ್ತು. ‘ಕೊನೆಗೆ ಯಾವಾಗ ನೋಡಿದೆ’ ಎಂದು ಅಪ್‌ಡೇಟ್ ವ್ಯವಸ್ಥೆ ಕೇಳಿದಾಗಲೆಲ್ಲ ‘ಈಗತಾನೆ’ ಎಂಬ ಉತ್ತರ. ಹಾಗಾಗಿ ಕೆಲವು ಯಂತ್ರಗಳಲ್ಲಿ ಅಪ್‌ಡೇಟ್ ಹುಡುಕಾಟವೇ ನಿಂತುಹೋಯಿತು. ಅದನ್ನು ಬೇಗ ಸರಿಮಾಡಿದರು. ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಕಡತದ ವಯಸ್ಸು ನೋಡಿ ನಿರ್ಧರಿಸುವ ಸಾಲುಗಳಿದ್ದರೆ ಅವನ್ನು ಒಂದೊಂದಾಗಿ ಬೀಟಾದಲ್ಲಿ ಓಡಿಸಿ, ಉತ್ತರವನ್ನು ಹಳೆಯದರ ಜೊತೆ ಹೋಲಿಸಿ. ಕಮಾಂಡ್ ಎರರ್ ಇಲ್ಲದೆ ಮುಗಿಯಿತು ಎಂದರೆ ಸರಿಯಾಗಿದೆ ಎಂದಲ್ಲ.

ಸೂಡೊ ಕಥೆ ಬೇರೆ. ಹೊಸದು ಹಳೆಯದರ ಕೆಲವು ಸೌಲಭ್ಯಗಳನ್ನು ಬೇಕೆಂದೇ ಕೈಬಿಟ್ಟಿದೆ. ಎಲ್‌ಡ್ಯಾಪ್‌ನಲ್ಲಿ (ಬಳಕೆದಾರರ ಕೇಂದ್ರ ಪಟ್ಟಿ) ಸೂಡೊ ನಿಯಮ ಇಟ್ಟವರಿಗೆ ಅದು ನಡೆಯುವುದಿಲ್ಲ. ನಿಯಮದ ಕಡತದಲ್ಲಿ ‘ವಾರ್/ಲಾಗ್ ಅಡಿಯ *.ಲಾಗ್ ಕಡತಗಳಿಗೆ ಟೇಲ್ ಕೊಡಬಹುದು’ ಎಂಬಂತೆ ಕಮಾಂಡ್‌ನ ಆರ್ಗ್ಯುಮೆಂಟ್ ಒಳಗೆ ನಕ್ಷತ್ರ ಬರೆದಿದ್ದರೂ ಅಷ್ಟೇ. ಇದು ಕಿರಿಕಿರಿ ನಿಜ, ಆದರೆ ನಮ್ಮ ಮತ ಹೊಸದರ ಪರ. ಹಳೆಯ ಸೂಡೊನಲ್ಲಿ ಆ ನಕ್ಷತ್ರ ಖಾಲಿ ಜಾಗಕ್ಕೂ ಓರೆಗೆರೆಗೂ ಹೊಂದುತ್ತದೆ. ಆ ಒಂದು ನಿಯಮ ಹಿಡಿದು ಎರಡು ಲಾಗ್ ಕಡತಗಳ ನಡುವೆ ಶ್ಯಾಡೊ ಕಡತದ ಹೆಸರು ತುರುಕಿದರೆ ಪಾಸ್‌ವರ್ಡ್‌ಗಳ ಹ್ಯಾಶ್ ಪರದೆಗೆ ಬರುತ್ತದೆ. ತುರ್ತಿಗೆ ಹಳೆಯದೇ ಬೇಕಾದರೆ ಅದು ಸೂಡೊ.ಡಬ್ಲ್ಯುಎಸ್ ಎಂಬ ಹೆಸರಲ್ಲಿ ಸಿಗುತ್ತದೆ. ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಿಂದ ಅದನ್ನೇ ಮುಖ್ಯವಾಗಿಸಲೂಬಹುದು. ಬದಲಿಸುವಾಗ ಇನ್ನೊಂದು ಕಿಟಕಿಯಲ್ಲಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಲಾಗಿನ್ ಆಗಿಯೇ ಇರಿ.

20.04 ಓಡುತ್ತಿದೆ. ನೇರವಾಗಿ 26.04ಕ್ಕೆ ಹಾರಬಹುದೇ? ಡಾಕರ್‌ನಲ್ಲಿ ಹಳೆಯ ಜಾವಾ 8 ತಂತ್ರಾಂಶವಿದೆ.
— ಓದುಗರು, ಕಲಬುರಗಿ

ಹಾರಲಾಗದು. 22.04, ಆಮೇಲೆ 24.04, ಆಮೇಲೆ 26.04, ಹೀಗೆ ಮೆಟ್ಟಿಲು ಹತ್ತಬೇಕು. ಮೂರು ಸಲ ಎದೆ ಹಿಡಿದುಕೊಂಡು ಕೂರುವುದಕ್ಕಿಂತ ಹೊಸ ಯಂತ್ರದಲ್ಲಿ ಹೊಸದಾಗಿ ಹಾಕಿ ದತ್ತಾಂಶ ಸಾಗಿಸುವುದು ಲೇಸು. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ. ಸಾಗಿಸುವವರೆಗೆ ಉಬುಂಟು ಪ್ರೊ ಎಂಬ ಹೆಚ್ಚುವರಿ ಬೆಂಬಲದ ಯೋಜನೆಗೆ ಸೇರಿಸಿದರೆ ತಿದ್ದುಪಡಿ ಬರುತ್ತಿರುತ್ತದೆ. ವೈಯಕ್ತಿಕ ಬಳಕೆಯ ಐದು ಯಂತ್ರಗಳವರೆಗೆ ಅದು ಉಚಿತ.

ಜಾವಾ ವಿಷಯ ಗಂಭೀರ. 20.04ರಲ್ಲಿ ಕಂಟೇನರ್‌ಗೆ (ಡಾಕರ್ ತಂತ್ರಾಂಶ ಓಡಿಸುವ ಪ್ರತ್ಯೇಕ ಕೋಣೆ) ಮೆಮೊರಿ ಮಿತಿ ಹಾಕುತ್ತಿದ್ದದ್ದು ಕರ್ನಲ್‌ನ ಸಿಗ್ರೂಪ್ ಸೌಲಭ್ಯದ ಮೊದಲ ಆವೃತ್ತಿ. 22.04ರಿಂದ ಎರಡನೆಯದು. 26.04ರ ಸಿಸ್ಟಂಡಿಯಲ್ಲಿ ಮೊದಲನೆಯದಕ್ಕೆ ಮರಳುವ ದಾರಿಯೂ ಇಲ್ಲ. ಜಾವಾ 8ರ 372ನೇ ಅಪ್‌ಡೇಟ್‌ಗಿಂತ ಹಳೆಯದಕ್ಕೆ ಎರಡನೆಯ ಆವೃತ್ತಿಯ ಭಾಷೆ ತಿಳಿಯದು. 64 ಜಿಬಿ ಯಂತ್ರದಲ್ಲಿ ಕಂಟೇನರ್‌ಗೆ 4 ಜಿಬಿ ಮಿತಿ ಹಾಕಿದ್ದೀರಿ ಅನ್ನಿ. ಆ ಹಳೆಯ ಜಾವಾಗೆ ಕಾಣುವುದು 64 ಜಿಬಿ. ಅದರ ಕಾಲು ಭಾಗ, 16 ಜಿಬಿ ತನ್ನ ಹೀಪ್ (ಬಳಸಬಹುದಾದ ಮೆಮೊರಿ) ಎಂದು ಲೆಕ್ಕ ಹಾಕಿಕೊಂಡು ಬೆಳೆಯುತ್ತದೆ, 4 ದಾಟಿದ ಕ್ಷಣ ಕರ್ನಲ್ ಕೊಲ್ಲುತ್ತದೆ. ಲಾಗ್‌ನಲ್ಲಿ ಜಾವಾದ ಎರರ್ ಇರುವುದಿಲ್ಲ, 137 ಎಂಬ ಸಂಖ್ಯೆ ಹೇಳಿ ಕಂಟೇನರ್ ಸತ್ತಿರುತ್ತದೆ. ಡಾಕರ್ ಇಮೇಜ್‌ನಲ್ಲಿ (ಕಂಟೇನರ್‌ನ ಅಚ್ಚು) ಜಾವಾವನ್ನು 372 ಅಥವಾ ಅದಕ್ಕಿಂತ ಹೊಸದಕ್ಕೆ ಬದಲಿಸಿ. ಅದು ಆಗದಿದ್ದರೆ ಹೀಪ್‌ನ ಮಿತಿ ಹೇಳುವ ಎಕ್ಸ್‌ಎಂಎಕ್ಸ್ ಸೆಟ್ಟಿಂಗ್‌ನಲ್ಲಿ 2.5 ಅಥವಾ 3 ಜಿಬಿ ಎಂದು ನೀವೇ ಬರೆಯಿರಿ.

ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಝಿಯಾನ್ ಇ5-2650 ವಿ2 ಸರ್ವರ್‌ಗೆ ರಾಕಿ ಲಿನಕ್ಸ್ 10 ಹಾಕಲು ಹೋದರೆ ಬೂಟ್ ಆಗುತ್ತಿಲ್ಲ. ಡಿಸ್ಕ್ ಹಾಳೇ?
— ಓದುಗರು, ತುಮಕೂರು

ಡಿಸ್ಕ್ ಅಲ್ಲ, ಪ್ರೊಸೆಸರ್ ಹಳೆಯದು. ರೆಡ್ ಹ್ಯಾಟ್ 10 ಮತ್ತು ಅದರ ಉಚಿತ ಪ್ರತಿರೂಪ ರಾಕಿ 10ಕ್ಕೆ ಎಕ್ಸ್86-64ರ ಮೂರನೇ ಹಂತ ಬೇಕು, ಅಂದರೆ ಎವಿಎಕ್ಸ್2 ಎಂಬ ಲೆಕ್ಕದ ಸೌಲಭ್ಯ ಇರುವ ಚಿಪ್. ಇ5 ಸಾಲಿನಲ್ಲಿ ಅದು ವಿ3ರಿಂದ ಶುರು. ಎಲ್‌ಎಸ್‌ಸಿಪಿಯು ಕೊಟ್ಟು ಫ್ಲಾಗ್‌ಗಳಲ್ಲಿ ಎವಿಎಕ್ಸ್2 ಹುಡುಕಿ, ಕಾಣದಿದ್ದರೆ ಮುಗಿಯಿತು. ಆಲ್ಮಾ ಲಿನಕ್ಸ್ 10ರಲ್ಲಿ ಎರಡನೇ ಹಂತದ ಚಿಪ್‌ಗಳಿಗೆಂದೇ ಬೇರೆ ಪ್ರತಿ ಇದೆ, ಅದು ನಿಮ್ಮದರಲ್ಲಿ ಓಡುತ್ತದೆ. ಉಬುಂಟುಗೂ ಈ ನಿರ್ಬಂಧವಿಲ್ಲ. ಮುಂದಿನ ಸಲ ಅಂಗಡಿಯಲ್ಲೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಸಿ ನೋಡಿ ದುಡ್ಡು ಕೊಡಿ.

ಆಟೋ ಅಪ್‌ಡೇಟ್ ಹಾಕಿದ್ದೇನೆ. ಏಪ್ರಿಲ್ 23ರ ರಾತ್ರಿ ತಾನಾಗಿಯೇ 26.04 ಆಗಿಬಿಟ್ಟರೆ?
— ಓದುಗರು, ಶಿರಸಿ

ಆಗುವುದಿಲ್ಲ. ಆಟೋ ಅಪ್‌ಡೇಟ್ ಮಾಡುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ತರುವುದು ಈಗಿನ ಆವೃತ್ತಿಯ ತಿದ್ದುಪಡಿ ಮಾತ್ರ. ನಿಮ್ಮ ಭಯ ಬಂದದ್ದು ಬಹುಶಃ ವಿಂಡೋಸ್ ಕಡೆಯಿಂದ. 2024ರ ನವೆಂಬರ್‌ನಲ್ಲಿ ವಿಂಡೋಸ್ ಸರ್ವರ್ 2025 ಬಂದಾಗ, ಹೊರಗಿನ ಕಂಪನಿಗಳ ಅಪ್‌ಡೇಟ್ ನಿರ್ವಹಣಾ ಉಪಕರಣ ಬಳಸುತ್ತಿದ್ದ ಕೆಲವು ಕಡೆ 2019, 2022 ಸರ್ವರ್‌ಗಳು ರಾತ್ರೋರಾತ್ರಿ 2025 ಆಗಿ ಎದ್ದವು, ಅದರ ಲೈಸೆನ್ಸ್ ಇಲ್ಲದಿದ್ದರೂ. ಅಂಥ ಉಪಕರಣ ನಿಮ್ಮಲ್ಲಿದ್ದರೆ ‘ಫೀಚರ್ ಅಪ್‌ಡೇಟ್’ ಅನುಮೋದನೆಯನ್ನು ಕೈಯಿಂದಲೇ ಕೊಡುವಂತೆ ಇಟ್ಟುಕೊಳ್ಳಿ. ಉಬುಂಟುನಲ್ಲಿ ನೋಡಬೇಕಾದ್ದು ಇಟಿಸಿ ಅಡಿಯ ಅಪ್‌ಡೇಟ್-ಮ್ಯಾನೇಜರ್ ಡೈರೆಕ್ಟರಿಯ ರಿಲೀಸ್-ಅಪ್‌ಗ್ರೇಡ್ಸ್ ಕಡತ. ಪ್ರಾಂಪ್ಟ್ ಎದುರು ಎಲ್‌ಟಿಎಸ್ ಇರಬೇಕು, ನಾರ್ಮಲ್ ಇದ್ದರೆ ಬದಲಿಸಿ. ಲಾಗಿನ್ ಆದಾಗ ‘ಹೊಸ ಆವೃತ್ತಿ ಇದೆ’ ಎಂಬ ಸಾಲು ಕಣ್ಣಿಗೆ ಬೀಳುವುದೇ ಬೇಡ ಎಂದಿದ್ದರೆ ನೆವರ್ ಎಂದು ಬರೆಯಿರಿ.